ಅಡ್ಡಡ್ಡ ಆಡಿಸಿದ ತಲೆ

ದೊಬ್ರಿಂಕಳಂಥ ಜಿಪುಣಿ ಇಡೀ ಬಲ್ಗೇರಿಯಾದಲ್ಲೇ ಇಲ್ಲವೆಂದು ಈ ಲೇಖಕ ಒಂದು ಕಾಲದಲ್ಲಿ ನಂಬಿದ್ದ. ಕ್ರುಶೆವಿತ್ಸ ಎಂಬ ಊರಿಗೆ ಬಂದ ಹೊಸತು. ಬೆಳಿಗ್ಗೆ ಅವಳ ರೊಟ್ಟಿ ಅಂಗಡಿಗೆ ಹೋಗಿ "ಬಾನಿತ್ಸ ಇದೆಯೇ?" ಎಂದು ಕೇಳಿದರೆ, ಚೀಸ್ ತುಂಬಿದ ಬಾನಿತ್ಸದ ತಟ್ಟೆ ಕಣ್ಣೆದುರಿಗೇ ಹಬೆಯಾಡುತ್ತಿದ್ದರೂ ಆಕೆ ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದಳು. ಇವನು ಮರ್ಯಾದಸ್ಥನಂತೆ ಬರಿಗೈಯಲ್ಲಿ ಹಿಂದಿರುಗಿ ನೀರು ಕುಡಿಯುತ್ತಿದ್ದ. ಕೊನೆಗೊಂದು ದಿನ ಆಕೆಯೇ ಬೀದಿಯವರೆಗೆ ಅಟ್ಟಿಸಿಕೊಂಡು ಬಂದಳು. "ಅಲ್ರೀ, ದಿನಾ ಬಂದು ಇದೆಯಾ ಅಂತ ಕೇಳ್ತೀರ. ಇದೆ ಅಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತೀರ. ನನ್ನ ಬಾನಿತ್ಸಕ್ಕೇನು ರೋಗ ಬಡಿದಿದೆಯಾ?"

ತಲೆ ಅಡ್ಡಡ್ಡ ಆಡಿದರೆ ಹೌದು, ಮೇಲೆ ಕೆಳಗೆ ಆಡಿದರೆ ಇಲ್ಲ. ಅಲ್ಲಿನ ಕುತ್ತಿಗೆಗಳ ಕಾನೂನೇ ಹಾಗೆ. ಹೌದಿಗೂ ಇಲ್ಲಕ್ಕೂ ನಡುವೆ ಎಲ್ಲೋ ತಲೆ ತೂಗಿಸಿಕೊಂಡು ಬದುಕು ಸಾಗಿಸುವ ನಾಡಿನಿಂದ ಬಂದವರು ಬೇರೆಯವರ ಕುತ್ತಿಗೆಗೆ ಹೆಸರಿಡಬಾರದು. ಲೇಖಕನ ಉಪವಾಸವೇನೋ ಅವತ್ತಿಗೆ ಮುಗಿಯಿತು. ಅದೇ ಕುತ್ತಿಗೆಯ ದೆಸೆಯಿಂದ ದೊಬ್ರಿಂಕ ಪಟ್ಟ ಪಾಡು ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ಊರ ನಡುವಿನ ಓದುಮನೆ ಎಂದರೆ ಓದುವುದೊಂದನ್ನು ಬಿಟ್ಟು ಮಿಕ್ಕೆಲ್ಲವೂ ನಡೆಯುವ ಜಾಗ. ಮಕ್ಕಳ ಕುಣಿತ, ಮುದುಕಿಯರ ಹಾಡು, ಜೇನು ಸಾಕುವವರ ಜಗಳ, ಮತ್ತೆ ವರ್ಷಕ್ಕೊಮ್ಮೆ 'ಬಾವಿ ಹಗ್ಗ' ನಾಟಕ. ಆಳ್ವಿಕೆ ಬದಲಾಗಿ, ಬಾಯಿಬಿಟ್ಟರೆ ಯಾರೂ ಹಿಡಿದೊಯ್ಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಊರಿನ ಮೇಷ್ಟರೊಬ್ಬರು ಬರೆದದ್ದು. ರೈತರ ಹೊಲ, ಎತ್ತುಗಳನ್ನೆಲ್ಲ ಸರ್ಕಾರ ವಶಪಡಿಸಿಕೊಂಡು ಒಟ್ಟು ಮಾಡುತ್ತಿದ್ದ ಕಾಲದ ಕಥೆ. ಎತ್ತು ಕೊಡುವುದಿಲ್ಲವೆಂದು ರೈತನೊಬ್ಬ ಬೆಟ್ಟ ಹತ್ತಿ ಕುರಿದೊಡ್ಡಿಯಲ್ಲಿ ಅಡಗುತ್ತಾನೆ. ತಂಗಿ ಮಾರಾ ನೀರಿಗೆ ಹೋಗುವ ನೆಪದಲ್ಲಿ ಅವನಿಗೆ ರೊಟ್ಟಿ ಮುಟ್ಟಿಸುತ್ತಾಳೆ. ಪೊಲೀಸರು ಅವಳನ್ನು ಕರೆದೊಯ್ದು ಕೂಡಿಹಾಕುತ್ತಾರೆ. ಮರುದಿನ ಅಣ್ಣ ಸಿಕ್ಕಿಬೀಳುತ್ತಾನೆ, ಕೈದಿಗಳ ಶಿಬಿರ ಸೇರುತ್ತಾನೆ, ಹಿಂದಿರುಗುವುದಿಲ್ಲ. ಕೊನೆಯ ದೃಶ್ಯದಲ್ಲಿ ಬಾವಿಕಟ್ಟೆಯ ಬಳಿ ತಾಯಿ ಕೇಳುತ್ತಾಳೆ: "ನೀನೇನಾ ಹೇಳಿದ್ದು?" ಮಾರಾ ಬಾಯಿ ಬಿಡುವುದಿಲ್ಲ. ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಆಡಿಸುತ್ತಾಳೆ. ಹೌದು. ಪರದೆ ಬೀಳುತ್ತದೆ.

ನಾಟಕದಲ್ಲಿ ಮಾರಾ. ಊರಿನಲ್ಲಿ ಆಕೆಯ ಹೆಸರು ಯಾನಾ, ದೊಬ್ರಿಂಕಳ ತಾಯಿ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪಾತ್ರಕ್ಕೆ ಹುಡುಗಿಯನ್ನು ಹುಡುಕುತ್ತಿದ್ದಾಗ ಯಾನಾ ಮಗಳಿಗೆ ಹೇಳಿದ್ದಳು: "ಬೇರೆ ಯಾರು ಆಡಿದ್ರೂ ಅಲ್ಲಿ ಅತ್ತುಬಿಡ್ತಾರೆ. ನೀನು ಆಡು. ಅಳಬೇಡ." ಬದುಕಿರುವವರೆಗೆ ಪ್ರತಿ ವರ್ಷವೂ ಆಕೆ ಬಂದು, ಮಡಿಲಲ್ಲಿ ಕೈ ಜೋಡಿಸಿ ಕೂತು, ತನ್ನ ತಪ್ಪನ್ನು ತಾನೇ ನೋಡಿಕೊಂಡು ಮನೆಗೆ ಹೋಗಿ ಬೀನ್ಸ್ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ನಾನು ಮಾಡಿದ್ರಲ್ಲಿ ಹೇಳಿಕೊಳ್ಳೋ ಅಂಥದ್ದು ಅದೊಂದೇ ಕಣೇ," ಎಂದಿದ್ದಳು ಸಾಯುವ ಮುಂಚಿನ ಚಳಿಗಾಲದಲ್ಲಿ. "ಅಮ್ಮ ಕೇಳಿದಾಗ ಸುಳ್ಳಾಡಲಿಲ್ಲ. ಅದೊಂದನ್ನ ಕೆಡಿಸಬೇಡ."

ದೊಬ್ರಿಂಕ ಕೆಡಿಸಲಿಲ್ಲ. ಅರವತ್ತು ದಾಟಿದ ಮೇಲೂ ಹತ್ತೊಂಬತ್ತರ ಮಾರಾ ಅವಳೇ. ರಂಗದ ಸೌಕರ್ಯವೇ ಅದು. ಅವಳ ಮಂಡಿ ಲಟಲಟ ಎನ್ನುವುದು ಕೊನೆಯ ಸಾಲಿಗೂ ಕೇಳಿಸುತ್ತಿತ್ತು, ಆದರೂ ಜನ ಕಂಡದ್ದು ಹದಿಹರೆಯದ ಹುಡುಗಿಯನ್ನೇ. ಬಾವಿಯೆಂದರೆ ದ್ರಾಕ್ಷಾರಸದ ಹಳೇ ಪೀಪಾಯಿ. ಅಣ್ಣನ ಪಾತ್ರಧಾರಿ ದನದ ಡಾಕ್ಟರು, ಕುರಿದೊಡ್ಡಿಯಲ್ಲಿ ಅಡಗಿರುವಾಗಲೂ ಕೆಮ್ಮುತ್ತಿದ್ದರು. ಪೊಲೀಸರಿಗೆ ಯಾಕೆ ಕೇಳಿಸಲಿಲ್ಲವೆಂದು ಯಾರೂ ಕೇಳಲಿಲ್ಲ.

ಆಮೇಲೆ ರಾಜಧಾನಿಯಿಂದ ಸಿನಿಮಾದವರು ಬಂದರು.

ಅವರಿಗೆ ಕಥೆ ಹಿಡಿಸಿತು, ಊರು ಹಿಡಿಸಿತು, ಊರಿನ ಬಾವಿ ಮಾತ್ರ ಬಾವಿಯ ಹಾಗೆ ಕಾಣುವುದಿಲ್ಲವೆಂದು ಬೇರೊಂದು ತೋಡಿಸಿದರು. ಮಾರಾ ಪಾತ್ರಕ್ಕೆ ಇಪ್ಪತ್ತೆರಡರ ಚೆಲುವೆ ಬಂದಳು. ದೊಬ್ರಿಂಕಳಿಗೆ ಬಕೆಟ್ ಹಿಡಿದು ಹಿಂದೆ ನಿಲ್ಲುವ ಹೆಂಗಸಿನ ಪಾತ್ರ. ಚಿತ್ರ ಬಿಡುಗಡೆಯಾದಾಗ ಅದರಲ್ಲಿ ಉಳಿದದ್ದು ಬಕೆಟ್ ಮತ್ತು ಒಂದು ಮೊಣಕೈ. ಆದರೆ ನಿಂತ ಜಾಗದಿಂದ ಅವಳಿಗೆ ಎಲ್ಲವೂ ಕೇಳಿಸಿತ್ತು.

"ಮೇಲೆ ಕೆಳಗೆ ಆಡಿಸಮ್ಮ," ಎಂದ ನಿರ್ದೇಶಕ. "ಪ್ಯಾರಿಸ್‌ನಲ್ಲಿ ಕೂತು ನೋಡೋನಿಗೂ ಅವಳು ಒಪ್ಕೊಂಡಳು ಅಂತ ಗೊತ್ತಾಗ್ಬೇಕು."

"ನಮ್ಮಜ್ಜಿ ನೋಡಿದ್ರೆ ಇಲ್ಲ ಅಂತಿದ್ದಾಳೆ ಅಂದ್ಕೊಳ್ತಾಳೆ ಸಾರ್."

"ನಿಮ್ಮಜ್ಜಿ ಚಿತ್ರೋತ್ಸವಕ್ಕೆ ಬರ್ತಾಳಾ?"

ಹುಡುಗಿ ಮೇಲೆ ಕೆಳಗೆ ಆಡಿಸಿದಳು. ಮನೆಯಷ್ಟು ದೊಡ್ಡ ಮುಖ, ಕೆನ್ನೆಯ ಮೇಲೊಂದು ಹನಿ, ಹಿಂದೆ ಪಿಟೀಲು. ಪ್ಯಾರಿಸ್‌ನವರು ಅತ್ತರೆಂದು ಪತ್ರಿಕೆಯಲ್ಲಿ ಬಂತು.

ಓದುಮನೆಯಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದ ದಿನ ಕ್ರುಶೆವಿತ್ಸದವರೂ ಅತ್ತರು, ಬೇರೆ ಕಾರಣಕ್ಕೆ. "ನೀನೇನಾ ಹೇಳಿದ್ದು?" ಎಂದು ತಾಯಿ ಕೇಳಿದಳು. ಮಾರಾ ಇಲ್ಲ ಎಂದಳು! ಸ್ಪಷ್ಟವಾಗಿ ಮೇಲಕ್ಕೆ, ಕೆಳಕ್ಕೆ! ಸಭಾಂಗಣದಲ್ಲಿ ಗುಸುಗುಸು ಎದ್ದಿತು.

"ಅಯ್ಯೋ, ಯಾನಾ ಹೇಳಿರಲೇ ಇಲ್ಲವಂತಲ್ಲೇ!"

"ಸಿನಿಮಾದೋರು ಸುಮ್ನೆ ತೋರಿಸ್ತಾರಾ? ದಫ್ತರಖಾನೆಯಲ್ಲಿ ಕೂತು ಹಳೇ ಕಾಗದ ಎಲ್ಲ ತೆಗೆಸಿ ನೋಡಿದಾರಂತೆ."

"ಪಾಪ, ಬೇರೆ ಯಾರನ್ನೋ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡಿದ್ದಳು ಅನ್ನಿ."

ವರ್ಷಗಟ್ಟಲೆ ಅದೇ ಸಭಾಂಗಣದಲ್ಲಿ, ಅವಳ ಮಗಳೇ ಆಡಿ ತೋರಿಸಿದ್ದನ್ನು ನಂಬಿದ್ದ ಜನ, ಒಂದು ಸಂಜೆಯ ಬೆಳಕಿನಾಟಕ್ಕೆ ಅದನ್ನು ಒಗೆದುಬಿಟ್ಟರು. ಪೀಪಾಯಿಯ ಬಾವಿ ಹೇಳಿದ್ದು ಸುಳ್ಳಿರಬಹುದು. ಅಷ್ಟು ಆಳ ತೋಡಿಸಿದ ಬಾವಿ ಸುಳ್ಳು ಹೇಳುತ್ತದೆಯೇ?

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಮಿಂಚೋ ನಿಂತಿದ್ದ. ಶಿಬಿರದಿಂದ ಬಾರದೇ ಹೋದ, ಯಾನಾಳ ಅಣ್ಣ ದಿಮೋನ ಮಗ, ಎಂದರೆ ದೊಬ್ರಿಂಕಳಿಗೆ ಸೋದರಮಾವನ ಮಗ. ಹೆಸರು ಮಿಂಚೋ ಆದರೂ ಆ ಮುಖದಲ್ಲಿ ಮಿಂಚನ್ನು ಯಾರೂ ಕಂಡದ್ದಿಲ್ಲ. ತಂದೆ ಹೋದಾಗ ತೊಟ್ಟಿಲಲ್ಲಿದ್ದ ಕೂಸು, ಈಗ ಎಪ್ಪತ್ತರ ಹತ್ತಿರದ ಮುದುಕ. ಯಾನಾ ಎದುರಿಗೆ ಬಂದರೆ ಬೀದಿ ದಾಟಿ ಆಚೆ ಬದಿಗೆ ಹೋಗುತ್ತಿದ್ದವನು. ರೊಟ್ಟಿಯನ್ನೂ ಪಕ್ಕದ ಊರಿನಿಂದ ತರುತ್ತಿದ್ದ.

"ಒಂದು ಬಾನಿತ್ಸ ಕೊಡು," ಎಂದ. ತಗೊಂಡ. ತಿನ್ನಲಿಲ್ಲ. "ನಿಮ್ಮಮ್ಮನಿಗೆ ನಾವು ಅನ್ಯಾಯ ಮಾಡಿದ್ವಿ ತಂಗಿ."

ತಂಗಿ. ಆ ಬಾಯಿಂದ ಆ ಪದ ಬಂದದ್ದು ಇದೇ ಮೊದಲು. ದೊಬ್ರಿಂಕ ಬೆಂಚಿನ ಮೇಲಿನ ಹಿಟ್ಟು ಒರೆಸಿದಳು. "ಬಿಸಿ ಇರುವಾಗಲೇ ತಿನ್ನು ಅಣ್ಣಾ" ಎಂದಳು.

ಅವನು ದಿನವೂ ಬರತೊಡಗಿದ. ತನ್ನ ಮರದ ಆಕ್ರೋಡು ತಂದ. ಮೊಮ್ಮಗಳ ಫೋಟೋ ತೋರಿಸಿದ. ಬೆಂಚಿನ ಮೇಲೆ ಕೂತು ಗಿರಾಕಿಗಳಿಗೆ "ಇವಳು ನಮ್ಮತ್ತೆ ಮಗಳು" ಎಂದು, ಯಾರಿಗೂ ಗೊತ್ತಿಲ್ಲವೆಂಬಂತೆ ಪರಿಚಯ ಮಾಡಿಸಿದ. ಮಕ್ಕಳಿಲ್ಲದ, ಗಂಡನಿಲ್ಲದ ದೊಬ್ರಿಂಕ ಅವನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಡುವುದನ್ನು ಕಲಿತಳು. ಕಲಿತಷ್ಟೂ ನಿಜ ಹೇಳುವುದು ಕಷ್ಟವಾಯಿತು. ಒಂದೇ ಮಾತು ಸಾಕಿತ್ತು: ಆ ಹುಡುಗಿ ತಲೆಯಾಡಿಸಿದ್ದು ಪ್ಯಾರಿಸ್‌ಗೆ ಅಣ್ಣಾ, ನಮಗಲ್ಲ.

ಸತ್ತವರ ಶನಿವಾರ ಬಂತು. ಬೇಯಿಸಿದ ಗೋಧಿ, ಮೇಣದಬತ್ತಿ ಹಿಡಿದು ಊರೆಲ್ಲ ಸ್ಮಶಾನಕ್ಕೆ ನಡೆಯಿತು. ಮಿಂಚೋ ಯಾನಾಳ ಗೋರಿಗೆ ದ್ರಾಕ್ಷಾರಸ ಸುರಿದು, ಟೋಪಿ ತೆಗೆದು, ಮಂಡಿಯೂರಿದ. "ಅತ್ತೆ, ಕ್ಷಮಿಸು" ಎಂದ. ಪಕ್ಕದಲ್ಲಿ ಗೋಧಿಯ ಬಟ್ಟಲು ಹಿಡಿದು ನಿಂತಿದ್ದ ದೊಬ್ರಿಂಕಳಿಗೆ ಆಗ ಮಾತು ಗಂಟಲವರೆಗೆ ಬಂತು. ಅವನು ಚಮಚ ನೀಡಿದ. ಅವಳು ಒಂದು ತುತ್ತು ಗೋಧಿ ತಿಂದಳು. ಮಾತು ಅದರ ಜೊತೆಗೇ ಕೆಳಗಿಳಿಯಿತು.

ಇತ್ತ ಓದುಮನೆಗೆ ನೂರೈವತ್ತು ತುಂಬುವ ಸಂಭ್ರಮ. ಅಧ್ಯಕ್ಷರಾದ ಎವ್ಲೋಗಿಯವರು ಪ್ರತಿ ವರ್ಷ 'ಬಾವಿ ಹಗ್ಗ'ಕ್ಕೆ ಮೊದಲ ಸಾಲಿನಲ್ಲಿ ಕೂತು ಗೊರಕೆ ಹೊಡೆದವರು. ಸಿನಿಮಾ ಬಂದದ್ದೇ ರಂಗಕಲೆಯ ಪಂಡಿತರಾದರು. "ನಾಟಕ ಬೇರು, ಸಿನಿಮಾ ಹೂವು" ಎಂದು ಒಂದು ಪತ್ರಿಕೆಗೆ ಹೇಳಿದರು. ಅದು ಅಚ್ಚಾಗಲಿಲ್ಲವೆಂದು ಇನ್ನೊಂದಕ್ಕೆ "ಸಿನಿಮಾ ಬೇರು, ನಾಟಕ ಹೂವು" ಎಂದರು. ಅದು ಅಚ್ಚಾಯಿತು. ಸಂಭ್ರಮದ ದಿನ ಮಧ್ಯಾಹ್ನ ನಾಟಕ, ಬಳಿಕ ರಾಜಧಾನಿಯ ವಿಮರ್ಶಕಿಯೊಡನೆ 'ರಂಗ ಮತ್ತು ತೆರೆ: ಒಂದು ತೌಲನಿಕ ಚಿಂತನೆ' ಎಂದು ಗೊತ್ತುಮಾಡಿ, ಕೋಟು ಇಸ್ತ್ರಿಗೆ ಕೊಟ್ಟು ಬಂದವರು ನೇರ ರೊಟ್ಟಿ ಅಂಗಡಿಗೆ ಬಂದರು.

"ದೊಬ್ರಿಂಕಮ್ಮ, ಕೊನೇಲಿ ಒಂದು ಚಿಕ್ಕ ಬದಲಾವಣೆ. ಸಿನಿಮಾದಲ್ಲಿ ಮಾಡಿದ ಹಾಗೆ ಮೇಲೆ ಕೆಳಗೆ ಆಡಿಸಿಬಿಡಿ. ಬಂದೋರು ಅದನ್ನೇ ನೋಡೋಕೆ ಬರ್ತಾರೆ."

"ಆ ಹುಡುಗಿ ಹೌದು ಅಂತ ಆಡಿಸಿದ್ದು ಅಧ್ಯಕ್ಷರೇ. ನಾನು ಅಲ್ಲೇ ಬಕೆಟ್ ಹಿಡ್ಕೊಂಡು ನಿಂತಿದ್ದೆ."

ಎವ್ಲೋಗಿಯವರ ಮುಖ ಅರಳಿತು. "ಹಾಗಾದ್ರೆ ಇನ್ನೂ ಒಳ್ಳೇದೇ ಆಯ್ತಲ್ಲ! ಒಂದೇ ತಲೆಯಾಟ. ಹೊರಗಿನೋರಿಗೆ ಹೌದು, ನಮಗೆ ಇಲ್ಲ. ಯಾರಿಗೂ ನೋವಿಲ್ಲ. ಇದನ್ನೇ ಕಲೆ ಅನ್ನೋದು."

"ನಮ್ಮಮ್ಮ..."

"ನಿಮ್ಮಮ್ಮನಿಗೇ ಒಳ್ಳೇ ಹೆಸರು ಬರ್ತಿದೆ, ನೀವು ಬೇಡ ಅಂತೀರಲ್ಲ! ಆಗಲ್ಲ ಅಂದ್ರೆ ಹೇಳಿ, ಔಷಧಿ ಅಂಗಡಿ ವಿಯೋಲೆಟಾ ಕಾಯ್ತಾ ಇದಾಳೆ. ಅವಳಿಗೆ ಇನ್ನೂ ನಲವತ್ತು."

ವಿಯೋಲೆಟಾ ಅಲ್ಲಿ ಅತ್ತೇಬಿಡುತ್ತಾಳೆ, ಪಿಟೀಲು ಇದ್ದರೂ ಇಲ್ಲದಿದ್ದರೂ. ದೊಬ್ರಿಂಕ "ನಾನೇ ಆಡ್ತೀನಿ" ಎಂದಳು. ಹೇಗೆ ಆಡುತ್ತೇನೆಂದು ಹೇಳಲಿಲ್ಲ, ಯಾಕೆಂದರೆ ಅವಳಿಗೇ ಗೊತ್ತಿರಲಿಲ್ಲ. ಹಿಟ್ಟು ನಾದುವಾಗ ಅವಳ ತಲೆ ತಾನಾಗಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಆಡುವುದನ್ನು ನೋಡಿ ಗಿರಾಕಿಯೊಬ್ಬಳು ಕೇಳಿಯೇಬಿಟ್ಟಳು: "ರೊಟ್ಟಿ ಇದೆಯೋ ಇಲ್ಲವೋ ಅಕ್ಕ? ಸರಿಯಾಗಿ ಹೇಳು!" ಒಂದು ಸಲ ಕುತ್ತಿಗೆ ಬಗ್ಗಿಸಿದರೆ ಮಿಂಚೋ ಉಳಿಯುತ್ತಾನೆ. ತಾಯಿಗೆ ಒಳ್ಳೆಯ ಹೆಸರು ಬರುತ್ತದೆ. ಆದರೆ ಆ ಒಳ್ಳೆಯ ಹೆಸರಿನವಳು ಅವಳ ತಾಯಿಯಾಗಿರುವುದಿಲ್ಲ. ಹೆದರಿ ಅಣ್ಣನನ್ನು ಕೊಟ್ಟವಳು ಹೆದರದೆ ಅಮ್ಮನಿಗೆ ಹೌದೆಂದಳು. ಆ ಹೌದನ್ನೂ ಕಿತ್ತುಕೊಂಡರೆ ಉಳಿಯುವುದು ಹೆದರಿಕೆ ಮಾತ್ರ.

ಸಂಭ್ರಮದ ದಿನ ಮಿಂಚೋ ಟೈ ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತ. ಈ ನಾಟಕವನ್ನು ಅವನು ಯಾವತ್ತೂ ನೋಡಿರಲಿಲ್ಲ. ದನದ ಡಾಕ್ಟರು ಕೆಮ್ಮಿದರು. ಪೀಪಾಯಿಯ ಹಗ್ಗ ಸಿಕ್ಕಿಕೊಂಡಿತು, ಬಿಡಿಸಿಕೊಂಡಿತು. ತಾಯಿಯ ಪಾತ್ರದ ವೆಲಾ ಮುಂದೆ ಬಂದು ಕೇಳಿದಳು:

"ನೀನೇನಾ ಹೇಳಿದ್ದು?"

ಸಿನಿಮಾದಲ್ಲಿ ಈ ಮೌನವನ್ನು ಪಿಟೀಲು ತುಂಬಿಕೊಡುತ್ತದೆ. ರಂಗದ ಮೇಲೆ ಅದನ್ನು ಆಡುವವಳೇ ಹೊರಬೇಕು. ದೊಬ್ರಿಂಕ ಮಿಂಚೋನನ್ನು ನೋಡಿದಳು. ಅವನು ನಗುತ್ತಿದ್ದ, ಧೈರ್ಯ ತುಂಬುವವನಂತೆ. ಅವಳ ಗಲ್ಲ ಒಂದು ಬೆರಳಿನಷ್ಟು ಮೇಲೆದ್ದಿತು. ಪಕ್ಕದ ತೆರೆಯ ಮರೆಯಲ್ಲಿ ಎವ್ಲೋಗಿ ಉತ್ಸಾಹದಿಂದ ತಮ್ಮ ತಲೆಯನ್ನೇ ಮೇಲೆ ಕೆಳಗೆ ಆಡಿಸಿ ತೋರಿಸುತ್ತಿದ್ದರು. ವೆಲಾ ಪ್ರಶ್ನೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದಳು.

ಗಲ್ಲ ಇಳಿಯಿತು. ತಲೆ ಎಡಕ್ಕೆ ತಿರುಗಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಕೊನೆಯ ಸಾಲಿನವರಿಗೂ ಕಾಣುವಷ್ಟು ನಿಧಾನವಾಗಿ.

"ಏನ್ ಮಾಡ್ತಿದಾಳೆ ಇವಳು!" ಎಂದಿತು ಹಿಂದಿನಿಂದ ಒಂದು ದನಿ.

ಮಿಂಚೋನ ನಗು ತಕ್ಷಣ ಹೋಗಲಿಲ್ಲ. ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಮರೆತುಹೋದಂತೆ ಉಳಿದಿತ್ತು. ಆಮೇಲೆ ಅವನು ಟೋಪಿ ಎತ್ತಿಕೊಂಡು, ಸಾಲಿನಲ್ಲಿ ಕೂತವರ ಮಂಡಿಗಳನ್ನು ದಾಟಿಕೊಂಡು ಬಾಗಿಲಿನತ್ತ ನಡೆದ. ಪರದೆ ಬಿದ್ದಿತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು.

"ಹೋದನಾ?" ಎಂದಳು ದೊಬ್ರಿಂಕ.

ವೆಲಾ ತಲೆಯನ್ನು ಅಡ್ಡಡ್ಡ ಆಡಿಸಿದಳು. ಹೋಗಿದ್ದ.

ತೌಲನಿಕ ಚಿಂತನೆಗೆ ಮೇಜು ಹಾಕಿದರು. ದೊಬ್ರಿಂಕ ಪೌಡರ್ ಒರೆಸಿಕೊಳ್ಳದೆ ಹಾಗೇ ಬಂದು ಕೂತಳು. ಎವ್ಲೋಗಿ ಬೇರಿನ ಬಗ್ಗೆಯೂ ಹೂವಿನ ಬಗ್ಗೆಯೂ ಮಾತಾಡಿ, ಅವಳ ಕಡೆ ನೋಡದೆ ನೀರು ಕುಡಿದರು. ವಿಮರ್ಶಕಿ ಒಳ್ಳೆಯ ಹುಡುಗಿ. ಕನ್ನಡಕ ಸರಿಮಾಡಿಕೊಂಡು, ಆಸೆಯಿಂದ ಮುಂದೆ ಬಾಗಿ ಕೇಳಿದಳು:

"ನೋಡಿ ಮೇಡಂ, ನಾಟಕದಲ್ಲಿ ಮಾರಾ ಒಪ್ಕೊಳ್ತಾಳೆ. ಸಿನಿಮಾದಲ್ಲಿ, ನಿಮ್ಮೂರಿನೋರು ಹೇಳೋ ಹಾಗೆ, ಇಲ್ಲ ಅಂತಾಳೆ. ಎಷ್ಟು ಸುಂದರವಾದ ಸಂದಿಗ್ಧ! ಅವಳು ಹೇಳಿದಳೋ ಇಲ್ಲವೋ ಅನ್ನೋದನ್ನ ಪ್ರೇಕ್ಷಕರಿಗೇ ಬಿಟ್ಟುಬಿಟ್ರೆ ಇನ್ನೂ ಚೆನ್ನಾಗಿರಲ್ವಾ?"

"ಪ್ರೇಕ್ಷಕರಿಗ್ಯಾಕೆ ಬಿಡ್ಬೇಕು?" ಎಂದಳು ದೊಬ್ರಿಂಕ. "ಹೇಳಿದ್ದು ಅವರಲ್ಲ. ನಮ್ಮಮ್ಮ."