ನಾಲ್ಕೂವರೆಯ ಚೀಟಿ

ನಮ್ಮ ಸೋದರಮಾವ ಟೈಲರು. ನಲವತ್ತು ವರ್ಷಗಳಲ್ಲಿ ಒಂದೇ ಒಂದು ಬಟ್ಟೆಯನ್ನೂ ತಡವಾಗಿ ಕೊಟ್ಟವರಲ್ಲ. ಟೈಲರುಗಳ ವಿಷಯದಲ್ಲಿ ಇದನ್ನು ಯಾರೂ ನಂಬುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಗುಟ್ಟು ಇಷ್ಟೇ: ಬಟ್ಟೆ ಕೈಗೆ ಬಂದ ಕೂಡಲೇ ಚೀಟಿ ಬರೆದು ಪಿನ್ ಚುಚ್ಚುತ್ತಾರೆ. ಯಾರದು, ಯಾವ ದಿನ, ಎಷ್ಟು ಗಂಟೆಗೆ. ಕೆಲಸ ಮುಗಿದರೆ ಚೀಟಿ ಗೋಡೆಯ ಮೊಳೆಗೆ ಹೋಗುತ್ತದೆ. ಚೀಟಿ ಇಲ್ಲದ್ದು ಅವರ ಪಾಲಿಗೆ ಕೆಲಸವೇ ಅಲ್ಲ. ಮನೆಯ ನಲ್ಲಿ ಏಳು ವರ್ಷದಿಂದ ತೊಟ್ಟಿಕ್ಕುತ್ತಿರುವುದು ಅದಕ್ಕೇ.

ವೋಟಿಗೂ ಚೀಟಿ ಇರಲಿಲ್ಲ. ಪ್ರತಿ ಸಲವೂ ಬೆಳಿಗ್ಗೆ, ಹೋದರಾಯಿತು ಬಿಡು ಅನ್ನುತ್ತಿದ್ದರು. ಅದು ಸುಳ್ಳಲ್ಲ, ನಿಜವಾಗಿಯೂ ಹೋಗುವ ಮನಸ್ಸೇ. ಅಷ್ಟರಲ್ಲಿ ಯಾರದೋ ಕಾಲರು ತಿರುಗಿಸಬೇಕು, ಇನ್ಯಾರದೋ ಪ್ಯಾಂಟು ಬಿಗಿ. ಕತ್ತರಿ ಕೆಳಗಿಡುವ ಹೊತ್ತಿಗೆ ಮತಗಟ್ಟೆಯ ಬಾಗಿಲು ಹಾಕಿರುತ್ತಿತ್ತು. ಅತ್ತೆ ಮಾತ್ರ ಒಂದು ಸಲವೂ ತಪ್ಪಿಸಿದವರಲ್ಲ. ಶಾಯಿ ಹಚ್ಚಿದ ಬೆರಳನ್ನು ಹೊಲಿಗೆ ಮೆಷಿನ್ನಿನ ಮುಂದೆ ಹಿಡಿದು ತೋರಿಸಿ ಒಳಗೆ ಹೋಗುತ್ತಿದ್ದರು. ಮಾವನಿಗೆ ಆಗ ಸೂಜಿಗೆ ದಾರ ಪೋಣಿಸಲು ಬಹಳ ಹೊತ್ತು ಹಿಡಿಯುತ್ತಿತ್ತು.

ಈ ಸಲ ಅತ್ತೆಯ ಮಂಡಿ ಕೈಕೊಟ್ಟಿತು. ಒಬ್ಬರೇ ಹೋಗುವಂತಿರಲಿಲ್ಲ. ಕರೆದುಕೊಂಡು ಹೋಗುತ್ತೇನೆ ಬಿಡು ಎಂದು ಮಾವ ಹೇಳಿದರು. ಆ 'ಬಿಡು' ಎಂಥದ್ದೆಂದು ಅತ್ತೆಗೆ ಗೊತ್ತಿತ್ತು. ಮುಂದಿನ ಸಲಕ್ಕೆ ತಾನು ಮನೆಯಿಂದಾಚೆ ಕಾಲಿಡುವ ಸ್ಥಿತಿಯಲ್ಲಿ ಇರುತ್ತೇನೋ ಇಲ್ಲವೋ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ಒಂದೇ ಒಂದು ಸಲ ಇಬ್ಬರೂ ಒಟ್ಟಿಗೆ ಹೋಗಿ ವೋಟು ಹಾಕಿ ಬರಬೇಕು, ಅಷ್ಟೇ ಅವರ ಆಸೆ. ಹಾಗಾಗಿ ಮತದಾನಕ್ಕೆ ನಾಲ್ಕು ದಿನ ಇರುವಾಗ ನನ್ನ ತೋಳು ಹಿಡಿದು ಅಂಗಡಿಗೆ ಬಂದು, ಗಿರಾಕಿಗಳು ನಿಲ್ಲುವ ಕಡೆಯೇ ನಿಂತರು.

"ಒಂದು ಚೀಟಿ ಬರೀರಿ," ಅಂದರು. "ನನ್ನ ವೋಟು. ಎಷ್ಟು ಗಂಟೆಗೆ, ಯಾವ ದಾರೀಲಿ, ಎಲ್ಲಾ ಬರೀರಿ."

ಮಾವ ನಕ್ಕರು. ಅತ್ತೆ ನಗಲಿಲ್ಲ. ಮಾವ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು.

ಚೀಟಿ ಬರೆದದ್ದೇ ತಡ, ಮಾವನೊಳಗಿನ ಟೈಲರು ಎದ್ದು ಕೂತ. ಮಾರನೆಯ ದಿನವೇ ಮತಗಟ್ಟೆಯಾಗಲಿದ್ದ ಶಾಲೆಗೆ ಹೋಗಿ, ಕೊರಳಲ್ಲಿದ್ದ ಟೇಪಿನಿಂದ ಮೆಟ್ಟಿಲುಗಳ ಎತ್ತರ ಅಳೆದು, ಇದು ಅವಳ ಕೈಲಾಗದು ಎಂದು ತೀರ್ಮಾನಿಸಿ, ಹಿಂದಿನ ಗೇಟಿನ ಇಳಿಜಾರನ್ನು ಹುಡುಕಿ ಬಂದರು. ಅತ್ತೆಯ ನಡಿಗೆಗೆ ಮೂವತ್ತೈದು ನಿಮಿಷ, ನಡುವೆ ಎರಡು ಕಡೆ ಕೂರಬೇಕು, ಅದಕ್ಕೊಂದು ಸ್ಟೂಲು. ಎಲ್ಲವೂ ಚೀಟಿಗೆ ಏರಿತು.

ಮತದಾನದ ದಿನ ಸರಿಯಾಗಿ ನಾಲ್ಕೂವರೆಗೆ ಮಾವ ಅರ್ಧ ಹೊಲಿದ ತೋಳನ್ನು ಮೆಷಿನ್ನಿನಲ್ಲೇ ಬಿಟ್ಟು ಎದ್ದರು. ಬಾಗಿಲಲ್ಲಿದ್ದ ಗಿರಾಕಿಗೆ ನಾಳೆ ಬನ್ನಿ ಎಂದರು. ನಾನು ಬೆರಗಾದೆ. ಅವರ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಅತ್ತೆ. ಹಿಂದೆ ನಾನು, ನೀರಿನ ಬಾಟಲಿ ಹಿಡಿದು. ಸಾಲು ಕರಗಿ ಅತ್ತೆ ವೋಟು ಹಾಕಿ ಹೊರಬಂದಾಗ ಐದೂಕಾಲು. ಆರಕ್ಕೆ ಮತದಾನ ಮುಗಿಯುತ್ತಿತ್ತು.

ಮಾವನ ಸರದಿ ಬಂತು. ಬಾಗಿಲಲ್ಲಿದ್ದವರು ವೋಟರ್ ಕಾರ್ಡು ಕೇಳಿದರು. ಜೇಬು ತಡಕಿದರೆ ಅತ್ತೆಯ ಕನ್ನಡಕದ ಡಬ್ಬಿ, ಅತ್ತೆಯ ಮಾತ್ರೆ, ಅತ್ತೆಯ ಕರವಸ್ತ್ರ. ತಮ್ಮ ಕಾರ್ಡು ಮಾತ್ರ ಮನೆಯಲ್ಲಿ. ಚೀಟಿಯಲ್ಲಿದ್ದುದಷ್ಟೂ ಅತ್ತೆಯದು, ತಮ್ಮ ಅಳತೆಯನ್ನೇ ತೆಗೆದಿರಲಿಲ್ಲ ಈ ಮಹಾಶಯರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಹೋಗಲಿ ಬಿಡು, ಮುಂದಿನ ಸಲ ನೋಡೋಣ ಎಂದು ಮಾವ ಶುರುಮಾಡಿದರು. ಅತ್ತೆ ಸ್ಟೂಲಿನ ಮೇಲೆ ಕೂತು, ಅವರ ಕಿವಿಯಿಂದ ಪೆನ್ಸಿಲ್ ಕಿತ್ತುಕೊಂಡು, ಅದೇ ಚೀಟಿಯ ಹಿಂಬದಿಯಲ್ಲಿ ಬರೆದರು: ನಿಮ್ಮ ವೋಟು. ಇವತ್ತು. ಆರರೊಳಗೆ. ನಾನು ಇಲ್ಲೇ ಕೂತಿರ್ತೀನಿ. ಬರೆದು, ಮಾವನ ಜೇಬಿಗೆ ಪಿನ್ ಚುಚ್ಚಿದರು.

ಅರವತ್ತೆರಡರ ಮಾವ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊರಳ ಟೇಪು ಎರಡೂ ಬದಿಗೆ ಹಾರುತ್ತಿತ್ತು. ಆರಕ್ಕೆ ಆರು ನಿಮಿಷ ಇರುವಾಗ ಏದುಸಿರು ಬಿಡುತ್ತಾ ಬಂದು ಸಾಲಿನ ಕೊನೆಯಲ್ಲಿ ನಿಂತರು.

ವೋಟು ಹಾಕಿ ಹೊರಬಂದ ಮಾವ ತಮ್ಮ ಶಾಯಿಯ ಬೆರಳನ್ನು ಅತ್ತೆಯ ಬೆರಳಿನ ಪಕ್ಕ ಹಿಡಿದರು. ಮಾವನ ಕಣ್ಣು ಒದ್ದೆಯಾಗಿತ್ತು.

"ನಲವತ್ತು ವರ್ಷ ತಡ ಮಾಡ್ಬಿಟ್ಟೆ ಕಣೇ," ಅಂದರು.

ಅತ್ತೆ ಅವರ ಜೇಬಿನ ಪಿನ್ ಬಿಚ್ಚಿ, ಅಂಗಡಿಯ ಮೊಳೆಗೆ ಚುಚ್ಚಲೆಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು.

"ತಡವಾದ್ರೂ ಕೊಟ್ರಲ್ಲ," ಅಂದರು. "ನಡೀರಿ, ಸ್ಟೂಲು ತಗೊಳ್ಳಿ."