ಹೂಂ ಎನ್ನಿಸುವ ಕೊಕ್ಕೆ

ಅಜ್ಜಂಪುರದ ನಮ್ಮ ಮನೆಯಲ್ಲಿ ಯಾರಾದರೂ ಕಥೆ ಓದಿದರೆ ಕೇಳುವವರು ಹೂಂಗುಟ್ಟಲೇಬೇಕು. ಹೂಂ ಬರದಿದ್ದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ನನಗೆ ಓದು ಕಲಿಸಿದವರು ಅಜ್ಜ. ಅವರು ಕಲಿತದ್ದು ತಾಳೆಗರಿಯಲ್ಲಿ. ಅಲ್ಲಿ ಉದ್ದ ಗೀಟು ಬಿಟ್ಟರೆ ಬೇರೆ ಗುರುತಿಲ್ಲ. ಕಡೂರಿನಿಂದ ಅಚ್ಚಿನ ಪುಸ್ತಕವೊಂದು ಬಂದಾಗ, ಕೆಳಗೆ ಚುಕ್ಕಿ ಇಟ್ಟುಕೊಂಡಿದ್ದ ಕೊಕ್ಕೆಯನ್ನು ಕಂಡು ಬಹಳ ಹೊತ್ತು ಗಡ್ಡ ಕೆರೆದುಕೊಂಡರು.

“ಇದು ಹೂಂ ಅನ್ಸೋ ಗುರ್ತು ಕಣವ್ವ. ಇಲ್ಲಿ ನಿಂತ್ಕೋ. ಕೇಳೋರು ಹೂಂ ಅಂದ್ಮೇಲೆ ಮುಂದಕ್ಕೆ ಹೋಗು.”

ಮದುವೆಯಾಗಿ ತರೀಕೆರೆಗೆ ಬಂದೆ. ಮೊಮ್ಮಗಳು ಪುಸ್ತಕ ಓದುತ್ತಾಳೆಂದು ಅಜ್ಜ ಬೀಗರ ಮುಂದೆ ಹೇಳಿಕೊಂಡದ್ದೇ ಹೇಳಿಕೊಂಡದ್ದು. ಗೌರಿ ಹಬ್ಬಕ್ಕೆ ಅವರು ನನ್ನನ್ನು ಕರೆದೊಯ್ಯಲು ಬಂದ ದಿನ ಅತ್ತೆ ಪುಸ್ತಕ ತಂದು ಕೈಗಿಟ್ಟರು. “ಎಲ್ಲಿ, ಓದವ್ವ. ನಿಮ್ಮಜ್ಜ ಹೊಗಳಿದ್ದನ್ನ ನಾವೂ ನೋಡಾನ.”

ಸರಾಗವಾಗಿಯೇ ಓದಿದೆ. ಕೊಕ್ಕೆ ಬಂತು. ನಿಂತೆ. ಯಾರೂ ಹೂಂ ಎನ್ನಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದೆ.

“ಓದಿನ ಬಂಡಿ ಹೂತ್ಕೊಂತು ಕಣೇ!” ಎಂದಳು ಓರಗಿತ್ತಿ. ನಗು ಎದ್ದಿತು. ಆಗ ಕಂಬಕ್ಕೊರಗಿ ಕೂತಿದ್ದ ಅಜ್ಜ ಗಟ್ಟಿಯಾಗಿ, “ಹೂಂ” ಎಂದರು. “ಹೂಂ ಅಂದ್ರೆ ತಾನೇ ಓದೋದು” ಎಂದೆ ನಾನು, ಬಾಯಿ ಸುಮ್ಮನಿರದೆ.

ಮೈಸೂರಿನಲ್ಲಿ ಓದಿದ್ದ ಚಿಕ್ಕಮಾವ ನಕ್ಕು ಕಣ್ಣೊರೆಸಿಕೊಂಡರು. “ಅಲ್ಲ ಕಣಮ್ಮ, ಅದು ಪ್ರಶ್ನೆಯ ಗುರ್ತು. ಇಂಗ್ಲಿಷ್ ಪುಸ್ತಕದಿಂದ ನಮ್ಮದಕ್ಕೆ ಬಂದಿದ್ದು. ಆ ಕಡೆ ಮೊದ್ಲು ಪ್ರಶ್ನೆ ಅನ್ನೋ ಮಾತನ್ನೇ ಕೊನೇಲಿ ಬರೀತಿದ್ರಂತೆ. ಬರೆದೂ ಬರೆದೂ ಸವೆದು ಕೊಕ್ಕೆಯಾಯ್ತು ಅಂತಾರೆ. ಯಾರ ಹೂಂಗೂ ಕಾಯ್ಬೇಡ, ಓದ್ಕೊಂಡು ಹೋಗು.”

ಕಿವಿಯವರೆಗೂ ಬಿಸಿಯೇರಿತು. ಮುಂದಿನ ಕೊಕ್ಕೆಯಲ್ಲಿ ನಿಲ್ಲಲಿಲ್ಲ. ಅಭ್ಯಾಸಬಲದಿಂದ ಅಜ್ಜ ಅಂದ ಹೂಂ, ನನ್ನ ಮುಂದಿನ ಮಾತಿನ ನಡುವೆ ಬಿತ್ತು. ಮಕ್ಕಳೆಲ್ಲ ಹೂಂ, ಹೂಂ ಎಂದು ಅಣಕಿಸಿದರು. ಆಮೇಲೆ ಕಂಬದ ಕಡೆಯಿಂದ ಸದ್ದೇ ಇಲ್ಲ. ಕಥೆ ಮುಗಿಯುವ ತನಕ ನಾನು ತಲೆಯೆತ್ತಲಿಲ್ಲ.

ಅಜ್ಜಂಪುರಕ್ಕೆ ಹೊರಟ ಬಂಡಿ ಊರು ದಾಟಿದ ಮೇಲೆ ಅಜ್ಜ ಹೇಳಿದರು: “ಆ ಗುರ್ತು ಗೊತ್ತಿಲ್ಲ ಅಂತ ನಾನು ಅವತ್ತೇ ಅನ್ಬೇಕಿತ್ತು ಕಣವ್ವ. ನಿನ್ ಮುಂದೆ ಅನ್ನೋಕೆ ನಾಚ್ಕೆಯಾಯ್ತು.”

ಸ್ವಲ್ಪ ದೂರ ಹೋಗಿ, ನನ್ನನ್ನು ನಗಿಸಲೆಂದೋ ಏನೋ, ಒಂದು ಕಥೆ ತೆಗೆದರು. ನಡುವೆ ನಿಲ್ಲಿಸಿ ಕಾದರು. ನಾನು ಹೂಂ ಎನ್ನದೆ ಹಿಂದೆ ಸರಿಯುವ ದಾರಿಯನ್ನೇ ನೋಡುತ್ತಿದ್ದೆ. ಏನೂ ಅರಿಯದ ಬಂಡಿಯವನು, ಎತ್ತಿನ ಬಾಲ ಬಿಟ್ಟು ಹಿಂತಿರುಗಿ, “ಹೂಂ, ಆಮೇಲೆ?” ಎಂದ.