ದೇವರ ಗೂಡು

ಇಪ್ಪತ್ತು ವರ್ಷದ ಹಿಂದಿನ ಮಾತು. ಮಗಳು ಸತ್ತಾಗ ಮೊಮ್ಮಗಳಿಗೆ ನಾಲ್ಕು ವರ್ಷ. ಅಮ್ಮ ದೇವರ ಹತ್ತಿರ ಹೋದಳು ಎಂದಿದ್ದೆ. ಸಾದಲಿಯ ನಮ್ಮ ಮನೆಯಲ್ಲಿ ದೇವರನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದೆವು; ಆಗ ರೇಷ್ಮೆಹುಳಗಳೂ ಗೂಡು ಕಟ್ಟುತ್ತಿದ್ದವು.

"ದೇವ್ರೂ ಗೂಡಲ್ಲೇ ಇರ್ತಾನಾ ಅಜ್ಜಿ? ಅಮ್ಮನೂ ಒಳಗೆ ಮಲಗವ್ಳಾ? ರೆಕ್ಕೆ ಬಂದ್ಮೇಲೆ ಆಚೆ ಬರ್ತಾಳಾ?"

ಕೈತುಂಬ ಕೆಲಸವಿತ್ತು. "ಹೂಂ ಕಣಮ್ಮ, ಸುಮ್ನಿರು" ಎಂದೆ.

ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋದಾಗ ಅವಳೂ ಬಂದಳು. ನೂಲು ತೆಗೆಯುವವರ ಮನೆಯಲ್ಲಿ ಗೂಡುಗಳು ಕುದಿಯುವ ನೀರಿನಲ್ಲಿ ಬೇಯುವುದನ್ನು ಬಾಗಿಲಲ್ಲೇ ನಿಂತು ನೋಡಿದಳು.

"ಅಜ್ಜಿ, ಒಳಗೆ ಹುಳ ಐತಲ್ಲ?"

"ಐತೆ. ಅದು ಆಚೆ ಬಂದ್ರೆ ದಾರ ಹರಿದೋಗುತ್ತೆ, ಅದ್ಕೇ ಬೇಯಿಸ್ತಾರೆ" ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ದೇವರಿಗೆ ಕೈ ಮುಗಿ ಎಂದರೆ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅಮ್ಮ ಯಾವಾಗ ಬರುತ್ತಾಳೆ ಎಂದು ಮತ್ತೆ ಕೇಳಲೇ ಇಲ್ಲ.